ಅಲಾರಂ ಬಡಿದರೂ ತಲೆ ಎತ್ತದ ಕಾರ್ಖಾನೆ: ಸುರಕ್ಷತಾ ವ್ಯವಸ್ಥೆಯ ದೋಷ ಪತ್ತೆ

ಪಂಪು ಕೆಟ್ಟರೆ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಉತ್ಪಾದನೆ ನಿಲ್ಲುತ್ತದೆ, ಐದು ನಿಮಿಷದಲ್ಲಿ ಮ್ಯಾನೇಜರರ ಫೋನು ಬರುತ್ತದೆ. ಟ್ಯಾಂಕು ತುಂಬಿ ಹರಿಯದಂತೆ ಆ ಪಂಪನ್ನು ನಿಲ್ಲಿಸಬೇಕಾದ ಸ್ವಿಚ್ಚು ಕೆಟ್ಟರೆ ಏನೂ ಆಗುವುದಿಲ್ಲ. ಆ ದಿನ ಆಗುವುದಿಲ್ಲ, ಆ ವರ್ಷ ಆಗದೆಯೂ ಇರಬಹುದು. ಟ್ಯಾಂಕು ನಿಜವಾಗಿ ತುಂಬಿದ ರಾತ್ರಿಯೇ ಸ್ವಿಚ್ಚು ಕೆಟ್ಟಿತ್ತು ಎಂಬುದು ತಿಳಿಯುವುದು.

ಹೀಗೆ ಸದ್ದಿಲ್ಲದೆ ಕೆಡುವ ವಸ್ತುಗಳನ್ನು ಹುಡುಕುವುದಕ್ಕಾಗಿ ಈ ಬರಹ. ದ್ರಾವಕ, ಅನಿಲ, ಅಮೋನಿಯಾ, ಬಾಯ್ಲರು ಇರುವ ಕಾರ್ಖಾನೆಗಳ ಪಾಳಿ ಮೇಲ್ವಿಚಾರಕರು, ಸುರಕ್ಷತಾ ಅಧಿಕಾರಿಗಳು, ಇನ್‌ಸ್ಟ್ರುಮೆಂಟ್ ವಿಭಾಗದವರು ಇದನ್ನು ಬಳಸಬಹುದು. ಮೊದಲಿನ ತಪಾಸಣೆಗಳಿಗೆ ಪೆನ್ನು, ಕಾಗದ, ನಡೆಯಲು ಎರಡು ಕಾಲು ಸಾಕು. ಮುಂದೆ ಹೋದಂತೆ ಸಮಯವೂ ಹಣವೂ ಹೆಚ್ಚು ಬೇಕಾಗುತ್ತದೆ.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಈ ತಪಾಸಣೆಗಳು ನೋಡುವುದಕ್ಕೆ, ಕೇಳುವುದಕ್ಕೆ, ಬರೆದುಕೊಳ್ಳುವುದಕ್ಕೆ. ಘಟಕ ಓಡುತ್ತಿರುವಾಗ ವಾಲ್ವ್ ತಿರುಗಿಸಬೇಡಿ, ಪೈಪಿನ ಜೋಡಣೆಯಾದ ಫ್ಲೇಂಜ್ ಬಿಚ್ಚಬೇಡಿ, ಟ್ರಿಪ್ (ಅಪಾಯ ಕಂಡಾಗ ಘಟಕವನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ) ಪರೀಕ್ಷೆ ಮಾಡಬೇಡಿ. ಪ್ಯಾನೆಲ್‌ನಲ್ಲಿ ಜಂಪರ್ ವೈರು (ಸ್ವಿಚ್ಚನ್ನು ದಾಟಿಸಿ ಹಾಕಿದ ತಂತಿ) ಕಂಡರೂ ತಕ್ಷಣ ಕಿತ್ತು ಹಾಕಬೇಡಿ. ಅದನ್ನು ಕಿತ್ತ ಕ್ಷಣ ಏನು ನಿಲ್ಲುತ್ತದೆ ಎಂದು ಗೊತ್ತಿಲ್ಲದೆ ಮುಟ್ಟುವುದು ಹೊಸ ಅಪಾಯ.

ಲಕ್ಷಣ 1: ಅಲಾರಂ ಬಡಿಯುತ್ತದೆ, ಯಾರೂ ತಲೆ ಎತ್ತುವುದಿಲ್ಲ

ಕಂಟ್ರೋಲ್ ರೂಮಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಆಪರೇಟರ್ ಮಾತಾಡುತ್ತಲೇ, ಪರದೆಯನ್ನು ನೋಡದೆಯೇ ಅಲಾರಂ ಒಪ್ಪಿಕೊಳ್ಳುವ ಗುಂಡಿಯನ್ನು ಒತ್ತಿದರೆ ಲಕ್ಷಣ ಇದೆ ಎಂದು ಬರೆದುಕೊಳ್ಳಿ. ಆತನನ್ನು ಬೈಯಬೇಡಿ. ದಿನಕ್ಕೆ ನೂರು ಸಲ 'ತೋಳ ಬಂತು' ಎಂದು ಕೂಗುವ ಯಂತ್ರದ ಮುಂದೆ ಎಂಟು ಗಂಟೆ ಕುಳಿತರೆ ನಾವೂ ಹಾಗೆಯೇ ಮಾಡುತ್ತೇವೆ.

ಒಂದು ಪೂರ್ತಿ ಪಾಳಿಯ ಅಲಾರಂಗಳನ್ನು ಎಣಿಸಿ. ಘಟಕ ಸುಸೂತ್ರವಾಗಿ ಓಡುತ್ತಿರುವಾಗ ಒಬ್ಬ ಆಪರೇಟರ್‌ಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದು ಅಲಾರಂ ಎಂಬುದು ಉದ್ಯಮದಲ್ಲಿ ಒಪ್ಪಿತವಾದ ಮಟ್ಟ. ಎಂಟು ಗಂಟೆಗೆ 48. ನಿಮ್ಮ ಲೆಕ್ಕ 400 ಬಂದರೆ ಗಾಬರಿಯಾಗಬೇಕಿಲ್ಲ. ಹೆಚ್ಚು ಬಡಿದ ಹತ್ತನ್ನು ಪಟ್ಟಿ ಮಾಡಿ, ಬಹುಪಾಲು ಗದ್ದಲ ಅವುಗಳದ್ದೇ ಆಗಿರುತ್ತದೆ. ಮಿತಿಯ ಗೆರೆಯ ಮೇಲೇ ತೂಗಾಡುವ ಅಳತೆ ನಿಮಿಷಕ್ಕೊಮ್ಮೆ ಬಡಿಯುತ್ತದೆ. ದುರಸ್ತಿಗೆಂದು ನಿಲ್ಲಿಸಿದ ಪಂಪು 'ಒತ್ತಡ ಕಡಿಮೆ' ಎಂದು ಮೂರು ವಾರದಿಂದ ಕೆಂಪಾಗಿಯೇ ಇರುತ್ತದೆ. ಒಂದೇ ಕಾರಣಕ್ಕೆ ಹನ್ನೆರಡು ಕಡೆ ಹನ್ನೆರಡು ಗಂಟೆ ಬಾರಿಸುವವೂ ಇರುತ್ತವೆ.

ಪ್ರತಿಯೊಂದರ ಮುಂದೆ ಬರೆಯಬೇಕಾದ ಪ್ರಶ್ನೆ: ಇದು ಬಡಿದಾಗ ಆಪರೇಟರ್ ಏನು ಮಾಡಬೇಕು? ಉತ್ತರ 'ಏನೂ ಇಲ್ಲ' ಎಂದಾದರೆ ಅದಕ್ಕೆ ಅಲಾರಂ ಪಟ್ಟಿಯಲ್ಲಿ ಜಾಗವಿಲ್ಲ. ಆದರೆ ಗದ್ದಲ ತಗ್ಗಿಸುವ ಹುರುಪಿನಲ್ಲಿ ಮಿತಿಗಳನ್ನು ಮನಬಂದಂತೆ ಏರಿಸಬೇಡಿ. ಅಲಾರಂ ಮಿತಿ ಬದಲಿಸುವುದೂ ಒಂದು ಮಾರ್ಪಾಡು, ಅದಕ್ಕೂ ಲಿಖಿತ ಒಪ್ಪಿಗೆ ಬೇಕು.

1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಸುರಿದವು. ಎರಡೂವರೆ ಸೆಕೆಂಡಿಗೊಂದು. ಅವುಗಳ ನಡುವೆ ನಿಜವಾಗಿ ಬೇಕಾಗಿದ್ದ ಸುದ್ದಿಯೂ ಇತ್ತು, ಅದನ್ನು ಓದಲು ಯಾರಿಗೂ ಸಮಯವಿರಲಿಲ್ಲ.

ಲಕ್ಷಣ 2: ಗೇಜು ಹೇಳುವುದಕ್ಕೂ ಘಟಕ ಹೇಳುವುದಕ್ಕೂ ತಾಳೆಯಾಗುತ್ತಿಲ್ಲ

ಹೆಚ್ಚು ಹೊತ್ತು ಕೊಡಬೇಕಾದ ಲಕ್ಷಣ ಇದು. ದೊಡ್ಡ ಅಪಘಾತಗಳ ಕಡತ ತೆರೆದರೆ ಮತ್ತೆ ಮತ್ತೆ ಎದುರಾಗುವುದು ಸುಳ್ಳು ಹೇಳಿದ ಒಂದು ಅಳತೆ, ಅದನ್ನು ನಂಬಿದ ಒಂದು ಪಾಳಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಬೇಕು ಎಂದು ನನಗೆ ಅನೇಕ ಸಲ ಅನಿಸಿದೆ.

ಮೊದಲು ಪರದೆಯಲ್ಲಿ ಆ ಅಳತೆಯ ಕಳೆದ ಕೆಲವು ಗಂಟೆಗಳ ಗೆರೆಯನ್ನು ನೋಡಿ. ಜೀವಂತ ಅಳತೆ ಸ್ವಲ್ಪವಾದರೂ ನಡುಗುತ್ತದೆ. ಟ್ಯಾಂಕಿಗೆ ದ್ರವ ಹರಿಯುತ್ತಿದ್ದು ಮಟ್ಟದ ಗೆರೆ ಅಡಿಕೋಲು ಹಿಡಿದು ಎಳೆದಂತೆ ನೇರವಾಗಿದ್ದರೆ ಗೇಜು ಸಿಕ್ಕಿಕೊಂಡಿದೆ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಡಿಪೋದಲ್ಲಿ 2005ರ ಡಿಸೆಂಬರ್ 11ರ ಬೆಳಗಿನ ಜಾವ ಸುಮಾರು 3 ಗಂಟೆಗೆ 912ನೇ ಟ್ಯಾಂಕಿನ ಗೇಜು ಹೀಗೆ ನಿಂತಿತು. ಪೆಟ್ರೋಲು ಬರುತ್ತಲೇ ಇತ್ತು. 6 ಗಂಟೆ ದಾಟುತ್ತಿದ್ದಂತೆ ಡಿಪೋ ಸ್ಫೋಟಿಸಿತು. ಅದೇ ಗೇಜು ಹಿಂದಿನ ಮೂರೂವರೆ ತಿಂಗಳಲ್ಲಿ 14 ಸಲ ಸಿಕ್ಕಿಕೊಂಡಿತ್ತು.

ಎರಡನೆಯದು ಕೂಡುವ ಕಳೆಯುವ ಲೆಕ್ಕ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು, ಉಳಿದದ್ದು ಎಲ್ಲಿದೆ? ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು 170 ಅಡಿ ಎತ್ತರದ ಗೋಪುರವೊಂದನ್ನು ಶುರು ಮಾಡುತ್ತಿದ್ದರು. ಮೂರು ಗಂಟೆಗೂ ಹೆಚ್ಚು ಕಾಲ ದ್ರವ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆ ಮಾತ್ರ ಮಟ್ಟ 10 ಅಡಿಗಿಂತ ಕಡಿಮೆ ಇದೆ, ಇನ್ನೂ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ನಿಜವಾದ ಮಟ್ಟ 158 ಅಡಿಗೆ ಏರಿತ್ತು. ಮಟ್ಟ ಅಳೆಯುವ ಆ ಉಪಕರಣ ತಳದ ಕೆಲವು ಅಡಿಗಳನ್ನಷ್ಟೇ ನೋಡಬಲ್ಲದು. ಪೂರ್ತಿ ಮುಳುಗಿದ ಮೇಲೆ ದ್ರವ ಬಿಸಿಯಾಗಿ ಹಗುರವಾದಂತೆ ಅದು 'ಮಟ್ಟ ಇಳಿಯಿತು' ಎಂದು ತಿಳಿಯಿತು. ಪ್ರತ್ಯೇಕವಾಗಿದ್ದ ಮೇಲ್ಮಟ್ಟದ ಅಲಾರಂ ಬಡಿಯಲಿಲ್ಲ. ಮಟ್ಟವನ್ನು ಕಣ್ಣಾರೆ ನೋಡಲು ಇಟ್ಟ ಗಾಜಿನ ಕೊಳವೆ, ಅಂದರೆ ಸೈಟ್ ಗ್ಲಾಸ್, ಒಳಗಿನಿಂದ ಕೊಳೆ ಹಿಡಿದು ಏನೂ ಕಾಣುತ್ತಿರಲಿಲ್ಲ. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಚೀಟಿಯ ಹಿಂಭಾಗದಲ್ಲಿ ಮಾಡಬಹುದಾಗಿದ್ದ ಕಳೆಯುವ ಲೆಕ್ಕ ಅದು.

ಮೂರನೆಯದಾಗಿ ಸ್ಥಳಕ್ಕೆ ಹೋಗಿ. ಸೈಟ್ ಗ್ಲಾಸ್ ಸ್ವಚ್ಛವಿದೆಯೇ? ಅದರ ಮೇಲಿನ ಮತ್ತು ಕೆಳಗಿನ ಕಾಕ್‌ಗಳು (ಸಣ್ಣ ವಾಲ್ವ್‌ಗಳು) ತೆರೆದಿವೆಯೇ? ಮುಚ್ಚಿದ ಕಾಕ್‌ನ ಗಾಜಿನಲ್ಲಿ ಹಳೆಯ ದ್ರವ ನಿಂತು ಸುಂದರವಾದ ಸುಳ್ಳು ಮಟ್ಟವನ್ನು ತೋರಿಸುತ್ತದೆ. ಅಳತೆಯನ್ನು ಯಾವ ದ್ರವಕ್ಕೆ, ಯಾವ ತಾಪಮಾನಕ್ಕೆ ಹೊಂದಿಸಲಾಗಿತ್ತು ಎಂದು ಹಾಳೆ ನೋಡಿ. ಅದು ಎಲ್ಲಿಯ ಸ್ಥಿತಿಯನ್ನು ಹೇಳುತ್ತಿದೆ ಎಂಬುದೂ ಮುಖ್ಯ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಎಂಬ ರಾಸಾಯನಿಕ ಸೋರಿದ ಟ್ಯಾಂಕಿನಲ್ಲಿ ತಾಪಮಾನವನ್ನು ಅಳೆಯುತ್ತಿದ್ದುದು ತಳದ ಬಳಿ. ಮೇಲಿನ ಪದರ ಬಿಸಿಯೇರುತ್ತಿದ್ದುದನ್ನು ಅದು ಹೇಳಲಿಲ್ಲ.

ಕೊನೆಗೆ, ವಾಲ್ವ್‌ನ ದೀಪ. 'ಮುಚ್ಚಿದೆ' ಎಂಬ ದೀಪ ವಾಲ್ವ್ ಮುಚ್ಚಿದೆ ಎಂದು ಹೇಳುತ್ತಿದೆಯೋ, ಮುಚ್ಚು ಎಂಬ ಆಜ್ಞೆ ಹೋಗಿದೆ ಎಂದಷ್ಟೇ ಹೇಳುತ್ತಿದೆಯೋ? 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಈ ವ್ಯತ್ಯಾಸವೇ ಆಪರೇಟರ್‌ಗಳ ದಾರಿ ತಪ್ಪಿಸಿತು. ಮುಚ್ಚುವ ಆಜ್ಞೆ ಹೋಗಿತ್ತು, 'ತೆರೆದಿದೆ' ಎಂದು ಹೇಳುವ ದೀಪ ಆರಿತ್ತು, ವಾಲ್ವ್ ತೆರೆದೇ ಇತ್ತು. ನಿಮ್ಮ ಘಟಕದ ದೀಪ ಯಾವ ಬಗೆಯದು ಎಂದು ಇನ್‌ಸ್ಟ್ರುಮೆಂಟ್ ವಿಭಾಗದವರು ನಕ್ಷೆ ನೋಡಿ ಹತ್ತು ನಿಮಿಷದಲ್ಲಿ ಹೇಳಬಲ್ಲರು.

ಎರಡು ಅಳತೆ ಜಗಳವಾಡಿದರೆ, ತೀರ್ಮಾನವಾಗುವವರೆಗೆ ಹೆಚ್ಚು ಕೆಟ್ಟ ಸುದ್ದಿ ಹೇಳುವುದನ್ನು ನಂಬಿ. ಇಲ್ಲಿ ನಿಲ್ಲಿಸಿ: ಒಳಹರಿವು ಇದೆ, ಹೊರಹರಿವು ಇಲ್ಲ, ಮಟ್ಟ ಏರುತ್ತಿಲ್ಲ ಎಂದಾದರೆ ಮೊದಲು ಒಳಹರಿವನ್ನು ನಿಲ್ಲಿಸಲು ಹೇಳಿ. ಕಾರಣವನ್ನು ಆಮೇಲೆ ಹುಡುಕಬಹುದು.

ಲಕ್ಷಣ 3: ಸಂಖ್ಯೆ ಮಿತಿಯೊಳಗಿದೆ, ಆದರೆ ನಿನ್ನೆಯಂತಿಲ್ಲ

ಪಾಳಿ ಬದಲಾಗುವ ಹೊತ್ತಿನ ಲಾಗ್‌ಬುಕ್ಕನ್ನು ತೆಗೆಯಿರಿ. ಸತತ ಹತ್ತು ದಿನ 'ಎಲ್ಲ ಸರಿ ಇದೆ' ಎಂಬ ಒಂದೇ ಸಾಲು ಇದ್ದರೆ, ಅಲ್ಲಿ ಅಳತೆಯ ಚಲನೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿಲ್ಲ ಎಂದರ್ಥ.

ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿದ 610ನೇ ಟ್ಯಾಂಕಿನ ಒತ್ತಡ 10.20ಕ್ಕೆ 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇತ್ತು. 10.45ಕ್ಕೆ ಪಾಳಿ ಬದಲಾಯಿತು. 11ಕ್ಕೆ ಅದು 10 ಆಗಿತ್ತು. 2ರಿಂದ 25ರವರೆಗೆ ಸಾಮಾನ್ಯವೆಂದು ಪರಿಗಣಿಸುತ್ತಿದ್ದುದರಿಂದ ಹೊಸ ಪಾಳಿಯವರಿಗೆ 10ರಲ್ಲಿ ವಿಶೇಷವೇನೂ ಕಾಣಲಿಲ್ಲ. ನಲವತ್ತು ನಿಮಿಷದಲ್ಲಿ ಐದು ಪಟ್ಟಾಗಿದೆ ಎಂಬುದು ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟವರಿಗಷ್ಟೇ ಕಾಣುವಂಥದ್ದು.

ಪರಿಹಾರಕ್ಕೆ ಖರ್ಚಿಲ್ಲ. ಅಪಾಯದ ಐದಾರು ಅಳತೆಗಳನ್ನು ಆರಿಸಿ, ಪಾಳಿಯ ಶುರು, ನಡು, ಕೊನೆಯ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆಸಿ. ಹಸ್ತಾಂತರ ಎದುರೆದುರು ನಿಂತು ಆಗಲಿ, ಬಸ್ಸಿನತ್ತ ಓಡುತ್ತ ಆಗುವುದು ಬೇಡ.

ಲಕ್ಷಣ 4: ಎಲ್ಲೋ ಒಂದು ಬೈಪಾಸ್ (ರಕ್ಷಣೆಯನ್ನು ನಿಷ್ಕ್ರಿಯಗೊಳಿಸುವ ಒಳದಾರಿ) ಇದೆ, ಎಷ್ಟು ದಿನದಿಂದ ಎಂದು ಯಾರಿಗೂ ಗೊತ್ತಿಲ್ಲ

ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ರಿಲೇ ಪ್ಯಾನೆಲ್‌ನ ಒಳಗೆ ಒಂದು ಜಂಪರ್ ವೈರು ಸಿಕ್ಕಿತು. ಅದಕ್ಕೆ ದಾರದಲ್ಲಿ ಕಟ್ಟಿದ ಚೀಟಿಯಲ್ಲಿ 'ತಾತ್ಕಾಲಿಕ' ಎಂದಿತ್ತು, ಒಂದು ಸಹಿಯೂ ಇತ್ತು. ಸಹಿ ಮಾಡಿದವರು ನಿವೃತ್ತರಾಗಿ ಊರಿನಲ್ಲಿ ತೋಟ ಮಾಡುತ್ತಿದ್ದರು. ಆ ವೈರು ನಿಷ್ಕ್ರಿಯಗೊಳಿಸಿದ್ದುದು ಅತಿ ತಾಪಮಾನದ ಟ್ರಿಪ್ಪನ್ನು. ಅಷ್ಟು ವರ್ಷವೂ ನಾವು ಆ ಟ್ರಿಪ್ ಇದೆ ಎಂದು ನಂಬಿ ರಾತ್ರಿ ಪಾಳಿ ಮಾಡಿದ್ದೆವು.

ಹುಡುಕುವ ಕ್ರಮ ಹೀಗಿರಲಿ. ನಿಮ್ಮ ಘಟಕದಲ್ಲಿ ಆಗಬಹುದಾದ ಅತಿ ಕೆಟ್ಟ ಒಂದೇ ಒಂದು ಘಟನೆಯನ್ನು ಆರಿಸಿ. ಅದನ್ನು ತಡೆಯಲು ಕಾಗದದ ಮೇಲೆ ಏನೇನಿದೆ ಎಂದು ಪಟ್ಟಿ ಮಾಡಿ. ನಂತರ ಪಟ್ಟಿ ಹಿಡಿದು ಒಂದೊಂದರ ಮುಂದೆಯೂ ಹೋಗಿ ನಿಂತು ಕೇಳಿ: ಇದು ಈ ಹೊತ್ತಿನಲ್ಲಿ ಕೆಲಸ ಮಾಡುತ್ತದೆಯೇ? ಸಾಧಾರಣವಾಗಿ ಚೆನ್ನಾಗಿದೆ, ಹೋದ ವರ್ಷ ಚೆನ್ನಾಗಿತ್ತು ಎಂಬ ಉತ್ತರಗಳನ್ನು ಒಪ್ಪಬೇಡಿ. ಭೋಪಾಲದಲ್ಲಿ ಇಂಥ ಪಟ್ಟಿ ಮಾಡಿದ್ದರೆ ಅದು ಉದ್ದವಾಗಿಯೇ ಇರುತ್ತಿತ್ತು. ಟ್ಯಾಂಕನ್ನು ತಂಪಾಗಿಡುವ ಶೀತಲೀಕರಣ ಘಟಕವಿತ್ತು, ಅದನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ಸುಡುವ ಫ್ಲೇರ್ ಗೋಪುರವಿತ್ತು, ಅದಕ್ಕೆ ಹೋಗುವ ತುಕ್ಕು ಹಿಡಿದ ಪೈಪಿನ ತುಂಡನ್ನು ಬಿಚ್ಚಿಟ್ಟಿದ್ದರು. ಅನಿಲವನ್ನು ತೊಳೆಯುವ ಸ್ಕ್ರಬ್ಬರ್ ಇತ್ತು, ಅದು ಓಡದೆ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿತ್ತು. ಒಂದೊಂದಕ್ಕೂ ಆ ಹೊತ್ತಿಗೆ ಒಂದೊಂದು ಕಾರಣವಿತ್ತು. ಎಲ್ಲವೂ ಒಟ್ಟಿಗೆ ಇಲ್ಲವಾಗಿವೆ ಎಂಬ ಸಂಗತಿ ಯಾವ ರಿಜಿಸ್ಟರಿನಲ್ಲೂ ಒಂದೇ ಪುಟದಲ್ಲಿ ಇರಲಿಲ್ಲ.

ಬನ್ಸ್‌ಫೀಲ್ಡ್‌ನಲ್ಲಿ ಬೈಪಾಸನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಮೇಲ್ಮಟ್ಟದ ಸ್ವಿಚ್ಚಿಗೆ ಪರೀಕ್ಷೆಗೆಂದು ಒಂದು ಸನ್ನೆಗೋಲಿತ್ತು. ಅದನ್ನು ಕೆಲಸದ ಸ್ಥಾನದಲ್ಲಿ ಹಿಡಿದಿಡಲು ಒಂದು ಸಣ್ಣ ಬೀಗ ಹಾಕಬೇಕಿತ್ತು. ಬೀಗದ ಉಪಯೋಗ ಅಳವಡಿಸಿದವರಿಗೂ ತಿಳಿದಿರಲಿಲ್ಲ, ಬಳಸಿದವರಿಗೂ ತಿಳಿದಿರಲಿಲ್ಲ; ಹಾಗಾಗಿ ಅದನ್ನು ಹಾಕಲಿಲ್ಲ, ಸ್ವಿಚ್ಚು ಕೆಲಸ ಮಾಡಲಿಲ್ಲ. ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲು ಹೊರಚೆಲ್ಲಿತು.

ಬೈಪಾಸ್ ಎಂಬುದೇ ತಪ್ಪು ಎಂದಲ್ಲ, ಕೆಲವೊಮ್ಮೆ ದುರಸ್ತಿಗೆ ಅದು ಬೇಕೇ ಬೇಕು. ಯಾರು ಒಪ್ಪಿದರು, ಯಾವ ಪಾಳಿಯ ಕೊನೆಗೆ ತೆಗೆಯಬೇಕು, ಅಲ್ಲಿಯವರೆಗೆ ಅದರ ಬದಲು ಯಾರು ಕಣ್ಣಿಟ್ಟಿರುತ್ತಾರೆ ಎಂಬ ಮೂರೂ ಬರವಣಿಗೆಯಲ್ಲಿರಲಿ. ಇಲ್ಲಿ ನಿಲ್ಲಿಸಿ: ಒಂದೇ ಅಪಾಯದ ಎದುರಿನ ಎರಡು ರಕ್ಷಣೆಗಳು ಏಕಕಾಲಕ್ಕೆ ಇಲ್ಲವೆಂದು ಕಂಡರೆ, ಮುಂದಿನ ತಪಾಸಣೆಗೆ ಹೋಗದೆ ಅದೇ ಗಂಟೆಯಲ್ಲಿ ಘಟಕದ ಮುಖ್ಯಸ್ಥರಿಗೆ ಬರೆದು ತಿಳಿಸಿ.

ಲಕ್ಷಣ 5: ಪರ್ಮಿಟ್‌ನ ಎಲ್ಲ ಸಹಿಯೂ ಒಂದೇ ಪೆನ್ನಿನದು

ಇಂದಿನ ಒಂದು ಪರ್ಮಿಟ್ (ದುರಸ್ತಿ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಎತ್ತಿಕೊಂಡು ಕೆಲಸ ನಡೆಯುವ ಜಾಗಕ್ಕೆ ಹೋಗಿ. ಕಾಗದದಲ್ಲಿ ಹೇಳಿದ ವಾಲ್ವ್‌ಗೆ ಬೀಗವಿದೆಯೇ, ಪೈಪನ್ನು ಮುಚ್ಚುವ ಲೋಹದ ತಟ್ಟೆ (ಬ್ಲೈಂಡ್) ಹಾಕಿದ್ದಾರೆಯೇ, ಅನಿಲ ಪರೀಕ್ಷೆಯ ಸಮಯ ಕೆಲಸ ಶುರುವಾಗುವುದಕ್ಕೆ ಮುಂಚಿನದೇ? ಗುತ್ತಿಗೆ ಕಾರ್ಮಿಕರನ್ನು ಅವರ ಭಾಷೆಯಲ್ಲಿ ಕೇಳಿ: ಈ ಪೈಪಿನಲ್ಲಿ ಏನಿತ್ತು? ಗೊತ್ತಿಲ್ಲ ಎಂದರೆ ಪರ್ಮಿಟ್ ಅವರನ್ನು ತಲುಪಿಲ್ಲ.

ಒಂದೇ ಯಂತ್ರಕ್ಕೆ ಎರಡು ಪರ್ಮಿಟ್ ಇದ್ದರೆ ಅವನ್ನು ಒಟ್ಟಿಗೆ ಕಟ್ಟಿಡಿ. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಒಂದು ಪಂಪಿನ ದುರಸ್ತಿಗೆ ಒಂದು ಪರ್ಮಿಟ್, ಅದರ ಸುರಕ್ಷತಾ ವಾಲ್ವ್ ಬಿಚ್ಚಿದ್ದಕ್ಕೆ ಇನ್ನೊಂದು ಪರ್ಮಿಟ್ ಇತ್ತು. ರಾತ್ರಿ ಇನ್ನೊಂದು ಪಂಪು ನಿಂತಾಗ ಮೊದಲ ಕಾಗದವನ್ನಷ್ಟೇ ನೋಡಿ, ವಾಲ್ವ್ ಬಿಚ್ಚಿದ್ದ ಈ ಪಂಪನ್ನು ಶುರು ಮಾಡಿದರು; ಅನಿಲ ಸೋರಿ ಸ್ಫೋಟಿಸಿತು. ನೀರಿನೊಳಗಿನ ಮುಳುಗುಗಾರರನ್ನು ಸೆಳೆದುಕೊಳ್ಳದಿರಲೆಂದು ಅಗ್ನಿಶಾಮಕ ಪಂಪುಗಳು ತಾವಾಗಿಯೇ ಓಡದಂತೆ ಇಟ್ಟಿದ್ದರು. 167 ಜೀವಗಳು ಹೋದವು.

ಲಕ್ಷಣ 6: ಹೊಸ ಪೈಪು ಕಾಣುತ್ತದೆ, ನಕ್ಷೆಯಲ್ಲಿಲ್ಲ

ಬಣ್ಣ ಹೊಡೆಯದ ಪೈಪು, ಸ್ಕಫೋಲ್ಡಿಂಗ್ ಮೇಲೆ ಕುಳಿತ ಪೈಪು, ಎರಡು ಬೆಲ್ಲೋಸ್ (ಬಳುಕುವ ಮಡಿಕೆಯ ಜೋಡಣೆ) ನಡುವೆ ತೂಗುವ ಪೈಪು ಕಂಡರೆ ನಕ್ಷೆ ಕೇಳಿ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ 28 ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟಕ್ಕೆ ಕಾರಣವಾದ 20 ಇಂಚಿನ ಬೈಪಾಸ್ ಪೈಪಿನ ನಕ್ಷೆ ಇದ್ದುದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ನಕ್ಷೆ ಇಲ್ಲ, ಬಲದ ಲೆಕ್ಕ ಇಲ್ಲ ಎಂದಾದರೆ ಸ್ವತಃ ತೀರ್ಮಾನಿಸದೆ ವಿನ್ಯಾಸ ಬಲ್ಲ ಎಂಜಿನಿಯರನ್ನು ಕರೆಯಿರಿ.

ಲಕ್ಷಣ 7: ವರ್ಷವಿಡೀ ಒಂದೂ ದೂರಿಲ್ಲ

'ತಪ್ಪಿದ ಅಪಘಾತ'ಗಳ ರಿಜಿಸ್ಟರ್ ಖಾಲಿ ಇದ್ದರೆ ಹಿಗ್ಗಬೇಡಿ. ಕಳೆದ ಸಲ ಬರೆದವರಿಗೆ ಏನಾಯಿತು ಎಂದು ವಿಚಾರಿಸಿ. ಮೆಮೊ ಸಿಕ್ಕಿದ್ದರೆ ಕಾರಣ ಸಿಕ್ಕಿತು. ಗೇಟಿನ ಬಳಿ 'ಅಪಘಾತವಿಲ್ಲದ ದಿನಗಳು' ಎಂದು ಬರೆದ ಫಲಕ ಜಾರಿ ಬಿದ್ದ ಗಾಯ, ಕೊಯ್ದ ಬೆರಳುಗಳನ್ನು ಎಣಿಸುತ್ತದೆ. ಟ್ಯಾಂಕಿನೊಳಗೆ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಟೆಕ್ಸಾಸ್ ಸಿಟಿಯಲ್ಲೂ ಇಂಥ ಗಾಯಗಳ ಸಂಖ್ಯೆ ಇಳಿದದ್ದನ್ನೇ ಸುರಕ್ಷತೆಯ ಗುರುತೆಂದು ಹಿಡಿದಿದ್ದರು.

ಇದಾದ ಮೇಲಿನ ಕಷ್ಟದ ಪರೀಕ್ಷೆಗಳು

ರಕ್ಷಣೆ ಸ್ಥಳದಲ್ಲಿದೆ, ಬೈಪಾಸ್ ಇಲ್ಲ. ಆದರೂ ಅದು ಬದುಕಿದೆ ಎಂದು ಹೇಳಲಾಗದು. ಅದಕ್ಕೆ ಪೂರ್ತಿ ಪರೀಕ್ಷೆ ಬೇಕು: ಸಂವೇದಕದಿಂದ ಹಿಡಿದು ಕೊನೆಯ ವಾಲ್ವ್ ನಿಜವಾಗಿ ಮುಚ್ಚುವವರೆಗೆ. ಪ್ಯಾನೆಲ್‌ನಲ್ಲಿ ಸಂಕೇತ ಕೊಟ್ಟು ದೀಪ ಹತ್ತಿತೆಂದು ಟಿಕ್ ಹಾಕಿದರೆ ಅರ್ಧ ಪರೀಕ್ಷೆ ಆಗಿರುತ್ತದೆ. ಸಿಕ್ಕಿಕೊಳ್ಳುವುದು ಹೆಚ್ಚಾಗಿ ವಾಲ್ವೇ.

ಪರೀಕ್ಷೆಯ ಅಂತರ ಏಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಸರಾಸರಿ 20 ವರ್ಷಕ್ಕೊಮ್ಮೆ ಸದ್ದಿಲ್ಲದೆ ಕೆಡುವ ಸ್ವಿಚ್ಚು ಇದೆ ಎಂದುಕೊಳ್ಳಿ. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ, ಬೇಕಾದ ಕ್ಷಣದಲ್ಲಿ ಅದು ಸತ್ತಿರುವ ಸಂಭವ ಸರಾಸರಿ ಶೇ 2.5. ಹತ್ತು ವರ್ಷ ಮುಟ್ಟದೆಯೇ ಬಿಟ್ಟರೆ, ಹತ್ತನೇ ವರ್ಷದ ಕೊನೆಯ ದಿನ ಆ ಸಂಭವ ಶೇ 40ರ ಹತ್ತಿರ. ಸ್ವಿಚ್ಚು ಅದೇ, ಬೆಲೆ ಅದೇ.

ಈ ಪರೀಕ್ಷೆಗಳು ಘಟಕ ನಿಂತಿರುವಾಗ, ಲಿಖಿತ ಕ್ರಮದಂತೆ, ಬಲ್ಲವರಿಂದಲೇ ಆಗಬೇಕು. ಹೆಚ್ಚಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್‌ನ ಗಾತ್ರ ಇಂದಿನ ಉತ್ಪಾದನೆಗೆ ಸಾಲುತ್ತದೆಯೇ, ಹತ್ತು ವರ್ಷದ ಹಿಂದಿನ ಹೆಜಾಪ್ (ಘಟಕದಲ್ಲಿ ಏನೇನು ಕೆಡಬಹುದೆಂದು ಹುಡುಕುವ) ಅಧ್ಯಯನ ಇಂದಿನ ಘಟಕಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆಗಳಿಗೆ ಹೊರಗಿನ ತಜ್ಞರು ಬೇಕು. ಆದರೆ ಅವರ ಜೊತೆ ರಾತ್ರಿ ಪಾಳಿಯ ಒಬ್ಬ ಹಳೆಯ ಆಪರೇಟರ್ ಕುಳಿತಿರಲಿ. ನಕ್ಷೆಯಲ್ಲಿಲ್ಲದ ಸಂಗತಿ ಆತನ ಬಾಯಿಂದಲೇ ಬರುವುದು.

ಹುಡುಕುವುದನ್ನು ಬಿಟ್ಟು ಓಡಬೇಕಾದ ಹೊತ್ತು

ವಾಸನೆ ಬಂದರೆ, ನೆಲಮಟ್ಟದಲ್ಲಿ ಬಿಳಿ ಮಂಜು ಹರಿದರೆ, ಕಣ್ಣು ಉರಿದರೆ, ಮೂಲ ಹುಡುಕಲು ಹೋಗಬೇಡಿ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸರಿದು ಗಾಳಿ ಬರುವ ಕಡೆಗೆ ಹೋಗಿ, ಸೈರನ್ ಹಾಕಿಸಿ, 112ಕ್ಕೆ ಕರೆ ಮಾಡಿ. ವಾಸನೆ ನಿಂತಿತೆಂದು ಸಮಾಧಾನಪಡಬೇಡಿ, ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಟ್ಯಾಂಕು, ಗುಂಡಿಯೊಳಗೆ ಬಿದ್ದವರನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಇಳಿಯಲೇಬೇಡಿ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಳಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಒಬ್ಬರನ್ನು ಎತ್ತಲು ಇಳಿದವರೂ ಸೇರಿ ಐವರು ಸತ್ತರು.

ಒಳಗೆ ಹೇಳಿದರೂ ಯಾರೂ ಕೇಳುತ್ತಿಲ್ಲವೆಂದಾದರೆ ಹೊರಗೆ ಹೇಳುವ ದಾರಿ ಇದೆ. ಭೋಪಾಲದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ 41-ಎಚ್ ಕಲಮು ಅಪಾಯಕಾರಿ ಪ್ರಕ್ರಿಯೆಯ ಕಾರ್ಮಿಕರಿಗೆ ಸನ್ನಿಹಿತ ಅಪಾಯವನ್ನು ಆಡಳಿತಕ್ಕೂ, ಜೊತೆಯಲ್ಲೇ ಸರ್ಕಾರದ ತನಿಖಾಧಿಕಾರಿಗೂ ತಿಳಿಸುವ ಹಕ್ಕನ್ನು ಕೊಟ್ಟಿತು. ಕರ್ನಾಟಕದಲ್ಲಿ ಆ ತನಿಖಾಧಿಕಾರಿ ಇರುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯಲ್ಲಿ. ದೂರಿನಲ್ಲಿ ದಿನಾಂಕ, ಸಮಯ, ಉಪಕರಣದ ಸಂಖ್ಯೆ ಇರಲಿ. 'ಸುರಕ್ಷತೆ ಇಲ್ಲ' ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ಮಾಡಲಾಗದು.

ಘಟಕ ನಿಂತ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಕಂಪ್ಯೂಟರು ಹಳೆಯ ಅಲಾರಂಗಳ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ. ಮತ್ತೆ ಶುರು ಮಾಡುವ ಮೊದಲು ಅಲಾರಂ ಪಟ್ಟಿ ಮತ್ತು ಅಳತೆಯ ಗೆರೆಗಳನ್ನು ಅಚ್ಚು ತೆಗೆದು, ಮತ್ತೆ ಶುರು ಮಾಡಲು ಯಾರು ಒಪ್ಪಿದರು ಎಂಬುದನ್ನು ಲಾಗ್‌ಬುಕ್ಕಿನಲ್ಲಿ ಹೆಸರು, ಸಮಯದೊಂದಿಗೆ ಬರೆಸಿ. ಸಹಿ ಬೀಳುವವರೆಗೆ ಗುಂಡಿ ಒತ್ತುವುದು ಬೇಡ.